ಕರಿ ಸೈಕಲ್ಲು, ಪಂಚೆ, ಪ್ಯಾಂಟ್ ಕ್ಲಿಪ್ಪು

ಚಿಕ್ಕಬಳ್ಳಾಪುರದ ಸುತ್ತಮುತ್ತಲ ಹಳ್ಳಿಗಳಲ್ಲಿ ಹಿತ್ತಿಲ ಗೋಡೆಗೋ ರೇಷ್ಮೆಹುಳು ಸಾಕುವ ಹುಳುಮನೆಯ ಮೂಲೆಗೋ ಒರಗಿಸಿಟ್ಟ ಕರಿ ಸೈಕಲ್ಲು ಇನ್ನೂ ಕಣ್ಣಿಗೆ ಬೀಳುತ್ತದೆ. ಅಜ್ಜನದ್ದೋ ಅಪ್ಪನದ್ದೋ ಆಗಿದ್ದ ಅದನ್ನು ಒರೆಸಿ, ಗಾಳಿ ಹೊಡೆಸಿ ಓಡಿಸುವ ಆಸೆ ಈಗ ಹಲವರಿಗೆ ಹುಟ್ಟಿದೆ. ಆದರೆ ಎರಡು ದಿನ ಓಡಿಸುವಷ್ಟರಲ್ಲಿ ‘ಭಾರ, ಬ್ರೇಕ್ ಹಿಡಿಯಲ್ಲ, ಪ್ಯಾಂಟೆಲ್ಲ ಗ್ರೀಸು’ ಅಂತ ಮತ್ತೆ ಮೂಲೆಗೆ ಸೇರಿಸುತ್ತಾರೆ. ತಪ್ಪು ಸೈಕಲ್ಲಿನದಲ್ಲ. ಪಂಚೆ ಉಟ್ಟು, ನೆಟ್ಟಗೆ ಕೂತು, ಹಿಂದೆ ಮೂಟೆ ಹೇರಿಕೊಂಡು ಮಣ್ಣುದಾರಿಯಲ್ಲಿ ಹೋಗುವವರಿಗಾಗಿ ಅದು ಹುಟ್ಟಿದ್ದು. ಉಡುಪು ಮತ್ತು ಸೈಕಲ್ಲನ್ನು ಒಟ್ಟಿಗೇ ನೋಡಿದರೆ ಮಾತ್ರ ಅದರ ಒಂದೊಂದು ಭಾಗವೂ ಯಾಕೆ ಹಾಗಿದೆ ಅಂತ ಗೊತ್ತಾಗುತ್ತದೆ.

ಮೊದಲು ಹ್ಯಾಂಡಲ್ ಕೆಳಗಿನ ಬಿಲ್ಲೆ ನೋಡಿ. ಹರ್ಕ್ಯುಲಿಸ್, ಫಿಲಿಪ್ಸ್, ಬಿಎಸ್‌ಎ ಅಂತಿದ್ದರೆ ಬಹುಪಾಲು ಮದ್ರಾಸಿನ ಅಂಬತ್ತೂರಿನ ಟಿ.ಐ. ಸೈಕಲ್ಸ್‌ನದು, ಆ ಕಂಪನಿ ಶುರುವಾದದ್ದು 1949ರಲ್ಲಿ. ಅಟ್ಲಾಸ್ 1951ರಲ್ಲಿ ಸೋನಿಪತ್‌ನಲ್ಲಿ, ಹೀರೋ 1956ರಲ್ಲಿ ಲೂಧಿಯಾನದಲ್ಲಿ ಹುಟ್ಟಿದವು. ರ್‍ಯಾಲಿ ಆದರೆ ಎರಡು ಸಾಧ್ಯತೆ: ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ಬಂದದ್ದು, ಇಲ್ಲವೇ ಬಂಗಾಳದ ಆಸನ್ಸೋಲ್‌ನ ಸೇನ್-ರ್‍ಯಾಲಿ ಕಾರ್ಖಾನೆಯದು. ಬಿಡಿಭಾಗ ಹುಡುಕುವಾಗ ಈ ವ್ಯತ್ಯಾಸ ಬಹಳ ಮುಖ್ಯ. ನಾಟಿಂಗ್‌ಹ್ಯಾಮ್‌ನ ಹಳೇ ರ್‍ಯಾಲಿಯ ಬಿ.ಬಿ. (ಪೆಡಲಿನ ಆಕ್ಸಲ್ ಕೂರುವ ಬಾಟಮ್ ಬ್ರಾಕೆಟ್) ಕಪ್ಪಿನ ಮರೆಯಲ್ಲಿ, ಅಂದರೆ ತಿರುಪಿನ ಥ್ರೆಡ್ಡಿನಲ್ಲಿ, ಇಂಚಿಗೆ 26 ಸುತ್ತು, ಮಿಕ್ಕವಕ್ಕೆ 24. ಅಂಗಡಿಯಲ್ಲಿ ಸಿಕ್ಕಿದ ಕಪ್ಪನ್ನು ಬಲವಂತವಾಗಿ ತಿರುಗಿಸಿದರೆ ಫ್ರೇಮಿನ ಮರೆಯೇ ಹಾಳು. ಎರಡು ಸುತ್ತು ಕೈಯಲ್ಲಿ ಸಲೀಸಾಗಿ ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

ಮಿಕ್ಕಂತೆ ಎಲ್ಲ ಕಂಪನಿಯವೂ ಒಂದೇ ಅಚ್ಚು. ಫ್ರೇಮು 22 ಇಲ್ಲವೇ 24 ಇಂಚು, ಟೈರು 28 × 1½. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರವೆಲ್ಲ ಹಿಂದೆ ಬೀಳುತ್ತದೆ ಅನ್ನುವ ಲೆಕ್ಕದಲ್ಲೇ ಆ ಎಂಟು ಕಡ್ಡಿ ಹೆಚ್ಚು. ಪೆಡಲಿನ ಹತ್ತಿರದ ಚೈನ್‌ವೀಲಿಗೆ 44 ಹಲ್ಲು, ಹಿಂಚಕ್ರದ ಫ್ರೀವೀಲಿಗೆ 18 ಇದ್ದರೆ ಪೆಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಸೈಕಲ್ಲು ಸುಮಾರು 5.4 ಮೀಟರ್ ಮುಂದೆ ಹೋಗಿರುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19 ಕಿಲೋಮೀಟರ್ ಮೇಲೆ. ಸಮದಾರಿಗೆ ಇದು ಸರಿ. ನಮ್ಮ ಕಡೆಯ ಏರಿಗೆ ಬಲು ಬಿಗಿ. 20 ಅಥವಾ 22 ಹಲ್ಲಿನ ಫ್ರೀವೀಲ್ ಹಾಕಿಸಿಕೊಂಡರೆ ಮಂಡಿಗೆ ಎಷ್ಟೋ ನಿರಾಳ. ಫ್ರೀವೀಲ್ ದೊಡ್ಡದಾದಾಗ ಚೈನಿಗೆ ಒಂದು ಕೊಂಡಿ ಸೇರಿಸಬೇಕಾಗಬಹುದು, ಅಷ್ಟೇ.

ಈಗ ಪಂಚೆಯ ವಿಷಯಕ್ಕೆ ಬರೋಣ. ಇವತ್ತು ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಬರುವ ಸವಾರರು ಪ್ಯಾಡು ಹೊಲಿದ ಬಿಗಿ ಚಡ್ಡಿ ಹಾಕುತ್ತಾರೆ. ಅವರ ಸೀಟು ಸಪುರ, ಹ್ಯಾಂಡಲ್ ತಗ್ಗು. ಮುಂದಕ್ಕೆ ಬಾಗಿದಾಗ ಒತ್ತಡ ತೊಡೆಸಂದಿಗೆ ಬೀಳುತ್ತದೆ, ಅದಕ್ಕೆ ಪ್ಯಾಡು ಬೇಕು. ಕರಿ ಸೈಕಲ್ಲಿನಲ್ಲಿ ಬೆನ್ನು ನೆಟ್ಟಗಿರುತ್ತದೆ, ಭಾರವೆಲ್ಲ ಕುಂಡಿಯ ಮೂಳೆಯ ಮೇಲೆ. ಅದಕ್ಕೇ ಸೀಟು ಅಗಲ, ಕೆಳಗೆ ಸ್ಪ್ರಿಂಗು. ಕೂತಲ್ಲಿ ಚರ್ಮ ಸುಲಿಯುವುದು ಹೆಚ್ಚಾಗಿ ಬಟ್ಟೆಯ ಹೊಲಿಗೆಯಿಂದ. ಪಂಚೆಗೆ ಹೊಲಿಗೆಯೇ ಇಲ್ಲ. ಜೀನ್ಸಿನಲ್ಲಿ ನಾಲ್ಕು ಹೊಲಿಗೆ ಬಂದು ಸೇರುವ ಗಂಟು ಸರಿಯಾಗಿ ಸೀಟಿನ ಮೇಲೇ ಕೂರುತ್ತದೆ. ಹತ್ತು ಕಿಲೋಮೀಟರ್ ದಾಟಿ ಹೋಗುವವರು ಹಳೇ ಸೈಕಲ್ಲಿಗೆ ಜೀನ್ಸ್ ಹಾಕದಿರುವುದೇ ಒಳ್ಳೆಯದು. ಮೆತ್ತಗಿನ, ಸಡಿಲವಾದ ಹತ್ತಿ ಬಟ್ಟೆ ಸಾಕು.

ಪಂಚೆ ಉಡುವುದರಲ್ಲೂ ಲೆಕ್ಕವಿತ್ತು. ಅಡ್ಡಪಂಚೆಯನ್ನು ಮಂಡಿಯ ಮೇಲಕ್ಕೆ ಮಡಚಿ ಕಟ್ಟಿದರೆ ತುಳಿಯಲು ತೊಂದರೆಯಿಲ್ಲ, ಆದರೆ ಗಾಳಿಗೆ ಬಿಚ್ಚಿಕೊಂಡ ಚುಂಗು ನೇರವಾಗಿ ಚೈನಿಗೆ ಹೋಗುತ್ತದೆ. ದೂರ ಹೋಗುವವರು, ಹೇರು ಹೊರುವವರು ಕಚ್ಚೆ ಹಾಕುತ್ತಿದ್ದರು. ಇದಕ್ಕೆ ಇನ್ನೊಂದು ಕಾರಣ ಹತ್ತುವ ರೀತಿ. ಎಡಗಾಲು ಪೆಡಲ್ ಮೇಲಿಟ್ಟು, ಬಲಗಾಲಿನಿಂದ ನಾಲ್ಕು ಸಲ ನೆಲ ಒದ್ದು, ಸೈಕಲ್ಲು ಓಟಕ್ಕೆ ಬಿದ್ದ ಮೇಲೆ ಬಲಗಾಲನ್ನು ಕ್ಯಾರಿಯರ್ ಮೇಲಿಂದ ಬೀಸಿ ಕೂರುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಕ್ಯಾರಿಯರ್ ಮೇಲೆ ಮೂಟೆ ಇದ್ದರೆ ಹಾಗೆ ಬೀಸಲಾಗದು. ಕಾಲು ಮಡಚಿ ಫ್ರೇಮಿನ ಮೇಲಿನ ಕೊಳವೆಯಾದ ಬಾರಿನ ಮೇಲಿಂದ ದಾಟಿಸಬೇಕು. ಅಡ್ಡಪಂಚೆಯಲ್ಲಿ ಅದು ಆಗದ ಕೆಲಸ.

ಸೀಟಿನ ಸ್ಪ್ರಿಂಗು ಪಂಚೆಯ ಇನ್ನೊಂದು ಶತ್ರು. ಸ್ಪ್ರಿಂಗು ಒತ್ತಿಕೊಂಡಾಗ ನಡುವೆ ಸಿಕ್ಕ ಬಟ್ಟೆ ಕಚ್ಚಿಕೊಂಡು, ಇಳಿಯುವಾಗ ಪರ್‍ ಅಂತ ಹರಿಯುತ್ತದೆ. ರೆಕ್ಸಿನ್ ಸೀಟ್ ಕವರಿನ ಅಂಚು ಕೆಳಗೆ ಇಳಿಬಿದ್ದಿರುವುದು ಬರೀ ಅಂದಕ್ಕಲ್ಲ. ಚರ್ಮದ ಸೀಟಾದರೆ ಮೂಗಿನ ಕೆಳಗೆ ಒಂದು ಬೋಲ್ಟು ಇರುತ್ತದೆ. ಚರ್ಮ ಜೋತುಬಿದ್ದಾಗ ಅದನ್ನು ಅರ್ಧ ಸುತ್ತು, ಇನ್ನೂ ಬೇಕಾದರೆ ಕೂತು ನೋಡಿ ಮತ್ತೆ ಅರ್ಧ ಸುತ್ತು ಬಿಗಿ ಮಾಡಿ. ಒಂದೇ ಸಲ ಎಳೆದರೆ ಹಿಂದಿನ ರಿವೆಟ್ಟಿನ ಹತ್ತಿರ ಚರ್ಮ ಸೀಳುತ್ತದೆ. ಎಣ್ಣೆ ಸುರಿದು ಮೆತ್ತಗೆ ಮಾಡಲು ಹೋಗಬೇಡಿ. ಚರ್ಮ ಹಿಗ್ಗಿ ಜೋಳಿಗೆಯಾದರೆ ಸರಿಪಡಿಸಲಾಗದು. ಮಳೆಯಲ್ಲಿ ನೆನೆದ ಸೀಟಿನ ಮೇಲೆ ಕೂತು ಸವಾರಿ ಮಾಡಿದರೂ ಅದೇ ಗತಿ.

ಪ್ಯಾಂಟು ಬಂದಾಗ ಕ್ಲಿಪ್ಪು ಬಂತು. ಸ್ಪ್ರಿಂಗ್ ಸ್ಟೀಲಿನ ತೆಳು ಪಟ್ಟಿ, ಕಣಕಾಲಿಗೆ ಸಿಕ್ಕಿಸಿಕೊಳ್ಳುವ ಬಳೆ. ಚೈನು ಇರುವುದು ಬಲಕ್ಕೆ. ಆದ್ದರಿಂದ ಬಲಗಾಲಿಗೆ ಒಂದು ಸಾಕು. ಪ್ಯಾಂಟಿನ ಸಡಿಲವನ್ನು ಹೊರಗಡೆಗೆ ಮಡಚಿ ಕ್ಲಿಪ್ಪು ಹಾಕಬೇಕು. ಒಳಗಡೆಗೆ ಮಡಚಿದರೆ ಆ ಮಡಿಕೆಯೇ ಪೆಡಲು ಹಿಡಿದಿರುವ ಕ್ರ್ಯಾಂಕಿಗೆ ಸವರುತ್ತದೆ. ಕ್ಲಿಪ್ಪಿಲ್ಲದವರು ಹಳೇ ಟ್ಯೂಬಿನಿಂದ ಎರಡು ಬೆರಳಗಲದ ಉಂಗುರ ಕತ್ತರಿಸಿಕೊಳ್ಳುತ್ತಿದ್ದರು. ಇವತ್ತಿಗೂ ಅದಕ್ಕಿಂತ ಒಳ್ಳೆಯದಿಲ್ಲ. 70ರ ದಶಕದ ಬೆಲ್‌ಬಾಟಮ್ ಕಾಲದಲ್ಲಿ ಈ ಕ್ಲಿಪ್ಪಿಗೂ ಹಿಡಿಯದಷ್ಟು ಬಟ್ಟೆ ಕೆಳಗಿರುತ್ತಿತ್ತು, ಪೂರ್ತಿ ಚೈನ್ ಕವರ್ ಇಲ್ಲದವರ ಪ್ಯಾಂಟಿನ ಅಂಚು ಕರಿಜಾಲರಿಯಾಗುತ್ತಿತ್ತು.

ಬಟ್ಟೆ ಚೈನಿಗೆ ಸಿಕ್ಕಿಕೊಂಡರೆ ಮಾಡಬೇಕಾದ್ದು: ಎಳೆಯಬೇಡಿ, ಮುಂದಕ್ಕೆ ತುಳಿಯಬೇಡಿ. ಹಿಂದಿನ ಚಕ್ರ ನೆಲದಿಂದ ಎತ್ತಿ, ಪೆಡಲನ್ನು ಕೈಯಿಂದ ಹಿಂದಕ್ಕೆ ನಿಧಾನವಾಗಿ ತಿರುಗಿಸಿದರೆ ಹಲ್ಲು ತಾನಾಗಿ ಬಟ್ಟೆಯನ್ನು ಬಿಟ್ಟುಕೊಡುತ್ತದೆ.

ಹೆಂಗಸರ ಸೈಕಲ್ಲಿನಲ್ಲಿ ಬಾರು ಕೆಳಕ್ಕೆ ಇಳಿದಿರುವುದು ಸೀರೆ, ಲಂಗಕ್ಕಾಗಿ. ಆದರೆ ನಿಜವಾದ ರಕ್ಷಣೆ ಹಿಂದಿನ ಚಕ್ರದ ಮೇಲಿನ ಬಲೆ. ಮಡ್‌ಗಾರ್ಡಿನ ಅಂಚಿನಲ್ಲಿ ಸಾಲು ತೂತು, ಅಲ್ಲಿಂದ ಆಕ್ಸಲ್‌ವರೆಗೆ ಬೀಸಣಿಗೆಯಂತೆ ಎಳೆದ ದಾರ. ಹಳೇ ಸೈಕಲ್ಲಿನಲ್ಲಿ ದಾರ ಹೋಗಿ ತೂತು ಮಾತ್ರ ಉಳಿದಿರುತ್ತದೆ. ಗಟ್ಟಿ ನೈಲಾನ್ ದಾರದಿಂದ ಮತ್ತೆ ಕಟ್ಟಬಹುದು. ದಾರ ಕಡ್ಡಿಗೆ ತಾಗದಷ್ಟು ಬಿಗಿಯಾಗಿರಲಿ. 2006-07ರಲ್ಲಿ ರಾಜ್ಯ ಸರ್ಕಾರ ಪ್ರೌಢಶಾಲೆ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಚೂಡಿದಾರ್ ತೊಟ್ಟ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ಲಿನಲ್ಲಿ ಶಾಲೆಗೆ ಹೋಗುವುದು ಎಲ್ಲ ಊರಿನ ನೋಟವಾಯಿತು. ಅಲ್ಲಿ ಅಪಾಯ ವೇಲಿನದು. ಇಳಿಬಿಟ್ಟ ವೇಲು ಹಿಂಚಕ್ರಕ್ಕೆ ಸುತ್ತಿಕೊಂಡರೆ ಕುತ್ತಿಗೆಯನ್ನೇ ಎಳೆಯುತ್ತದೆ. ಅಡ್ಡಲಾಗಿ ಹಾಕಿ ಸೊಂಟದ ಪಕ್ಕ ಗಂಟು ಬಿಗಿಯಬೇಕು; ಹೆಗಲಿಗೆ ಪಿನ್ನು ಹಾಕಿದರಷ್ಟೇ ಸಾಲದು. ಮಗಳಿಗೆ ಸೈಕಲ್ ಕಲಿಸುವ ಪ್ರತಿಯೊಬ್ಬರೂ ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ಗಂಡುಮಕ್ಕಳು ಕಲಿಯುತ್ತಿದ್ದದ್ದು ಒಳಪೆಡಲಿನಲ್ಲಿ. 22 ಇಂಚಿನ ಸೈಕಲ್ಲಿನ ಸೀಟು ಹತ್ತು ವರ್ಷದ ಹುಡುಗನಿಗೆ ಎಟುಕುವುದಿಲ್ಲ. ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಬಾರು ಹಿಡಿದು, ಬಲಗಾಲನ್ನು ಬಾರಿನ ಕೆಳಗೆ ತೂರಿಸಿ ಪೆಡಲ್ ಮೇಲೆ ಇಡುವುದು. ಮೈ ಎಡಕ್ಕೆ, ಸೈಕಲ್ಲು ಬಲಕ್ಕೆ ವಾಲಿದರೆ ತೂಕ ಸಮ. ಮೊದಲು ಅರ್ಧ ಪೆಡಲ್: ಕೆಳಗೆ ಒತ್ತು, ಹಿಂದಕ್ಕೆ ತಂದು ಮತ್ತೆ ಒತ್ತು. ಪೂರ್ತಿ ಸುತ್ತು ಬಂದ ಮೇಲೆ ಬಾರು, ಆಮೇಲೆ ಸೀಟು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿಗೆ ಚೈನ್ ಕವರ್ ಇರುವುದು ಅಪರೂಪ. ಹಾಗಾಗಿ ಬಲಗಾಲ ಮೀನಖಂಡದಲ್ಲಿ ಹಲ್ಲಿನ ಗುರುತು ಖಾಯಂ. ಅದನ್ನು ಬರೀ ಸೋಪು ತೆಗೆಯುವುದಿಲ್ಲ. ಸೀಮೆಎಣ್ಣೆ ಇಲ್ಲವೇ ಕೊಬ್ಬರಿ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು. ಬಟ್ಟೆಗೂ ಅದೇ ಕ್ರಮ, ನೀರು ಹಾಕುವ ಮುಂಚೆ.

ಕಾಲಿಗೆ ಹವಾಯಿ ಚಪ್ಪಲಿ ಒಣ ದಿನಕ್ಕೆ ಪರವಾಗಿಲ್ಲ. ಮಳೆಯಲ್ಲಿ ಪೆಡಲಿನ ರಬ್ಬರಿನ ಮೇಲೆ ಜಾರುತ್ತದೆ, ಪೆಡಲಿನ ರಬ್ಬರು ಕಳಚಿ ಬರೀ ಕಂಬಿ ಉಳಿದಿದ್ದರೆ ಇನ್ನೂ ಅಪಾಯ. ಪೆಡಲ್ ಬದಲಿಸುವಾಗ ಎಡಪೆಡಲಿನದು ಉಲ್ಟಾ ಮರೆ ಅನ್ನುವುದು ನೆನಪಿರಲಿ: ಬಿಚ್ಚಲು ಬಲಕ್ಕೆ ತಿರುಗಿಸಬೇಕು.

ರೇಷ್ಮೆ ನಾಡಿನ ಹೇರಿನ ಬಗ್ಗೆ ಹೇಳದೆ ನಮ್ಮ ಕಡೆಯ ಸೈಕಲ್ಲಿನ ಮಾತು ಮುಗಿಯದು. ಹಿಪ್ಪುನೇರಳೆ ಸೊಪ್ಪಿನ ಹೊರೆ, ಹಾಲಿನ ಕ್ಯಾನು, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡಿನ ಚೀಲ ಎಲ್ಲವೂ ಕ್ಯಾರಿಯರ್ ಮೇಲೆ. ಗೂಡು ಭಾರವಿಲ್ಲ, ಆದರೆ ಗಾತ್ರ ದೊಡ್ಡದು. ಹಗ್ಗ ಬಿಗಿದರೆ ಗೂಡು ಅಪ್ಪಚ್ಚಿಯಾಗಿ ಬೆಲೆ ಬೀಳುತ್ತದೆ, ಗಾಳಿಯಾಡದಿದ್ದರೆ ಬೆವರಿ ಕೆಡುತ್ತದೆ. ಸಡಿಲ ಕಟ್ಟಿ ನಿಧಾನ ಹೋಗುವುದೇ ದಾರಿ. ಹಾಲು ಇದಕ್ಕೆ ವಿರುದ್ಧ. 40 ಲೀಟರ್ ಕ್ಯಾನಿನಲ್ಲಿ ಹಾಲೇ 41 ಕಿಲೋ. ಒಂದೇ ಕಡೆ ತೂಗುಹಾಕಿದರೆ ಸೈಕಲ್ಲು ಎಳೆದುಕೊಂಡು ಹೋಗುತ್ತದೆ. ಎರಡೂ ಕಡೆ ಸಮ ಇರಬೇಕು. ಕ್ಯಾನು ಅರ್ಧ ತುಂಬಿದ್ದಾಗ ಹಾಲು ಕುಲುಕಿ ಹ್ಯಾಂಡಲ್ ಅಲ್ಲಾಡುವುದು ತುಂಬಿದ ಕ್ಯಾನಿಗಿಂತ ಹೆಚ್ಚು. ಎಲ್ಲಕ್ಕಿಂತ ಕಷ್ಟದ್ದು ಹುಳು ಗೂಡು ಕಟ್ಟುವ ಚಂದ್ರಿಕೆ. ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರ ತಟ್ಟಿ ಸೈಕಲ್ಲಿನ ಪಕ್ಕ ಕಟ್ಟಿದರೆ ಅಡ್ಡಗಾಳಿಗೆ ಹಾಯಿಯಾಗುತ್ತದೆ. ಬಯಲು ಬಂದಾಗ ಇಳಿದು, ಗಾಳಿ ಬರುವ ಕಡೆ ನಿಂತು ತಳ್ಳುವುದೇ ಕ್ಷೇಮ.

ಮಳೆಗೆ ಕಂಬಳಿ ಕೊಪ್ಪೆ, ಅದಿಲ್ಲದಿದ್ದರೆ ಗೋಣಿಚೀಲ: ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತೂರಿಸಿದರೆ ತಲೆಗೂ ಬೆನ್ನಿಗೂ ಮರೆ. ನಡೆಯುವವರಿಗೆ ಇದು ಚೆನ್ನ. ಸೈಕಲ್ಲಿನಲ್ಲಿ ಹಿಂದಿನ ಅಂಚು ಚಕ್ರಕ್ಕೆ ಇಳಿಬೀಳುತ್ತದೆ, ಅದನ್ನು ಕುಂಡಿಯ ಕೆಳಗೆ ಒತ್ತಿ ಕೂರಬೇಕು. ಕೊಪ್ಪೆ ಕಿವಿ ಮುಚ್ಚುವುದರಿಂದ ಹಿಂದಿನಿಂದ ಬರುವ ಗಾಡಿಯ ಸದ್ದು ಕೇಳದು. ರಸ್ತೆಯ ಅಂಚು ಬಿಡಬಾರದು.

ಮಳೆಯಲ್ಲಿ ಬ್ರೇಕಿನ ಮಾತು ಬೇರೆ. ಕರಿ ಸೈಕಲ್ಲಿನ ಕಂಬಿ ಬ್ರೇಕು ರಿಮ್ಮಿನ ಪಕ್ಕಕ್ಕಲ್ಲ, ಒಳಮೈಗೆ ರಬ್ಬರನ್ನು ಮೇಲಕ್ಕೆ ಎಳೆದು ಒತ್ತುತ್ತದೆ. ಚಕ್ರ ಪಕ್ಕಕ್ಕೆ ಸ್ವಲ್ಪ ಬೆಂಡಾಗಿದ್ದರೂ ನಡೆಯುತ್ತದೆ; ಮೇಲೆ ಕೆಳಗೆ ಉಬ್ಬಿದ್ದರೆ ಬ್ರೇಕು ತಡೆತಡೆದು ಹಿಡಿಯುತ್ತದೆ. ರಬ್ಬರಿಗೂ ರಿಮ್ಮಿಗೂ 2ರಿಂದ 3 ಮಿಲಿಮೀಟರ್ ಅಂತರ ಇರಬೇಕು, ಎರಡೂ ಕಡೆ ಒಟ್ಟಿಗೆ ತಾಗಬೇಕು. ಕಂಬಿಯ ಕೀಲುಗಳಿಗೆ ಒಂದೊಂದು ಹನಿ ಎಣ್ಣೆ, ರಿಮ್ಮಿಗೆ ಒಂದು ಹನಿಯೂ ಬೀಳಬಾರದು. ಕ್ರೋಮ್ ರಿಮ್ಮು ಒದ್ದೆಯಾದರೆ ಮೊದಲ ಕೆಲವು ಸುತ್ತು ಬ್ರೇಕು ಇಲ್ಲವೆಂದೇ ತಿಳಿಯಿರಿ. ನೀರು ಒರೆಸಿಕೊಂಡ ಮೇಲಷ್ಟೇ ಹಿಡಿಯುವುದು. 1478 ಮೀಟರ್ ಎತ್ತರದ ನಂದಿಯಲ್ಲಿ ಬೆಳಗಿನ ಮಂಜಿಗೇ ರಿಮ್ಮು ಒದ್ದೆಯಾಗಿರುತ್ತದೆ. ಇಳಿಯುವ ಮುಂಚೆ ಸಮಜಾಗದಲ್ಲಿ ಬ್ರೇಕು ಹಗುರವಾಗಿ ಒತ್ತಿಕೊಂಡು ಹತ್ತು ಮಾರು ಹೋಗಿ, ತಿರುವಿಗೆ ಮುಂಚೆಯೇ ವೇಗ ಇಳಿಸಿ, ಹಿಂದಿನದನ್ನು ಮೊದಲು, ಮುಂದಿನದನ್ನು ಆಮೇಲೆ ಹಿಡಿಯಬೇಕು. ಚಳಿಗೆ ಮಫ್ಲರ್ ಸುತ್ತುವವರು ತುದಿಗಳನ್ನು ಅಂಗಿಯೊಳಕ್ಕೆ ಸಿಕ್ಕಿಸಬೇಕು. ಎದೆಗೆ ಗಾಳಿ ಹೊಡೆಯದಂತೆ ಅಂಗಿಯೊಳಗೆ ಒಂದು ದಿನಪತ್ರಿಕೆ ಮಡಚಿಟ್ಟುಕೊಂಡರೆ ಸ್ವೆಟರ್‌ಗಿಂತ ವಾಸಿ. ಯುರೋಪಿನ ಬೆಟ್ಟಗಳಲ್ಲಿ ರೇಸಿನ ಸವಾರರೂ ಇಳಿಜಾರಿಗೆ ಮುಂಚೆ ಇದನ್ನೇ ಮಾಡುತ್ತಿದ್ದರು.

ಕ್ರ್ಯಾಂಕಿನಲ್ಲಿ ಒಂದೊಂದು ಸುತ್ತಿಗೂ ‘ಕಟಕ್’ ಅಂದರೆ ಕ್ರ್ಯಾಂಕನ್ನು ಆಕ್ಸಲ್ಲಿಗೆ ಬಿಗಿಯುವ ಕಾಟರ್ ಪಿನ್ನು ಸಡಿಲ. ನಟ್ಟು ತಿರುಗಿಸಿ ಬಿಗಿ ಮಾಡಲು ಹೋದರೆ ಅದರ ಮರೆ ಹೋಗುತ್ತದೆ. ಕ್ರ್ಯಾಂಕಿನ ಕೆಳಗೆ ಗಟ್ಟಿ ಆಸರೆ ಕೊಟ್ಟು, ಪಿನ್ನಿನ ದಪ್ಪ ತಲೆಗೆ ಸುತ್ತಿಗೆಯಿಂದ ಹೊಡೆದು ಕೂರಿಸಿ, ಆಮೇಲೆ ನಟ್ಟು ಬಿಗಿಯಬೇಕು. ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಂದು ಸಲ ಇದೇ ಕೆಲಸ. ಎರಡು ಕಡೆಯ ಪಿನ್ನುಗಳು ಎದುರುಬದುರು ದಿಕ್ಕಿನಿಂದ ಹೋಗಬೇಕು. ಒಂದೇ ದಿಕ್ಕಿನಲ್ಲಿ ಹಾಕಿದರೆ ಎರಡು ಪೆಡಲು ಒಂದು ಗೆರೆಯಲ್ಲಿ ನಿಲ್ಲುವುದಿಲ್ಲ. ಸವೆದ ಪಿನ್ನಿನಲ್ಲೇ ಓಡಿಸಿದರೆ ಆಕ್ಸಲ್ಲಿನಲ್ಲಿ ಪಿನ್ನು ಕೂರುವ ಕಚ್ಚೇ ತಿಂದುಹೋಗುತ್ತದೆ, ಆಮೇಲೆ ಹೊಸ ಪಿನ್ನೂ ನಿಲ್ಲದು.

ಸೈಕಲ್ಲು ಪೂರ್ತಿ ಬಿಚ್ಚಿ ಓವರಾಯ್ಲಿಂಗ್ ಮಾಡಿಸುವಾಗ ಬೇರಿಂಗ್ ಗುಂಡಿನ ಲೆಕ್ಕ ಕೇಳಿ ನೋಡಿ: ಮುಂದಿನ ಹಬ್ಬಿಗೆ ಕಡೆಗೆ 10ರಂತೆ 3/16 ಇಂಚಿನವು, ಹಿಂದಿನದಕ್ಕೆ ಕಡೆಗೆ 9ರಂತೆ ಕಾಲಿಂಚಿನವು, ಬಿ.ಬಿ.ಗೆ ಕಡೆಗೆ 11ರಂತೆ ಕಾಲಿಂಚಿನವು. ಹಳೇ ಗುಂಡಿಗೆ ಹೊಸದನ್ನು ಬೆರೆಸಬಾರದು; ಸವೆದವು ಗಾತ್ರದಲ್ಲಿ ಸಣ್ಣ, ಭಾರವೆಲ್ಲ ಹೊಸದರ ಮೇಲೆ ಬಿದ್ದು, ಗುಂಡು ಉರುಳುವ ಕೋನು ಗುಳಿ ಬೀಳುತ್ತದೆ. ಎಣ್ಣೆ ಹಾಕುವುದಾದರೆ ಮೆಷಿನ್ ಎಣ್ಣೆ ಮಾತ್ರ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ನಮ್ಮ ಕಡೆ ಹೆಪ್ಪುಗಟ್ಟುತ್ತದೆ, ಬೇಸಿಗೆಯಲ್ಲಿ ಧೂಳು ಸೇರಿ ಅಂಟಾಗುತ್ತದೆ. ಚೈನಿನ 24 ಕೊಂಡಿ ಅಳೆದರೆ ಸರಿಯಾಗಿ 12 ಇಂಚು ಬರಬೇಕು. 1/8 ಇಂಚು ಹೆಚ್ಚಿದ್ದರೆ ಬದಲಿಸುವ ಕಾಲ ಬಂದಿದೆ. ಜೋಡಿಸುವ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಮುಂದಾಗಿರಲಿ.

ಡೈನಮೋ 6 ವೋಲ್ಟಿನದು. ತಂತಿ ಒಂದೇ, ವಾಪಸು ದಾರಿ ಸೈಕಲ್ಲಿನ ಕಬ್ಬಿಣವೇ. ಹೊಸದಾಗಿ ಬಣ್ಣ ಹೊಡೆಸಿದ ಮೇಲೆ ಲೈಟು ಹತ್ತದಿದ್ದರೆ ಬ್ರಾಕೆಟ್ಟಿನ ಕೆಳಗಿನ ಬಣ್ಣ ಕೆರೆಯಿರಿ, ಹತ್ತುತ್ತದೆ. ಜೋರು ಇಳಿಜಾರಿನಲ್ಲಿ ಬಲ್ಬು ಸುಡಬಹುದು, ಒಂದು ಹೆಚ್ಚಿಗೆ ಇಟ್ಟುಕೊಂಡಿರಿ.

ಇನ್ನು ಪಂಚರ್. ಈ ಬಯಲುಸೀಮೆಯಲ್ಲಿ ಎರಡು ಮುಳ್ಳು: ಜಾಲಿ ಮತ್ತು ನೆಗ್ಗಿಲು. ಮಳೆ ನಿಂತು ನೆಗ್ಗಿಲು ಒಣಗುವ ಕಾಲದಲ್ಲಿ ಕಾಲುದಾರಿಗೆ ಸೈಕಲ್ಲು ಇಳಿಸದಿದ್ದರೆ ಅರ್ಧ ಪಂಚರ್ ತಪ್ಪುತ್ತದೆ. ಗಾಳಿ ಇಳಿದ ತಕ್ಷಣ ಟೈರು ಬಿಚ್ಚಬೇಡಿ. ಮೊದಲು ವಾಲ್ ಮೇಲೆ ಎಂಜಲು ಸವರಿ ನೋಡಿ. ಗುಳ್ಳೆ ಬಂದರೆ ಒಳಗಿನ ವಾಲ್‌ಟ್ಯೂಬು ಹಳತಾಗಿದೆ ಅಷ್ಟೇ. ವಾಲ್ ಸರಿಯಿದ್ದರೆ ಚಕ್ರ ಬಿಚ್ಚದೆ ಎಡಮಗ್ಗುಲಿನಿಂದ ಟೈರಿನ ಒಂದಂಚು ಎಬ್ಬಿಸಿ ಟ್ಯೂಬು ಹೊರಗೆಳೆಯಿರಿ. ನೀರಿನಲ್ಲಿ ಮುಳುಗಿಸಿ ತೂತು ಸಿಕ್ಕಲ್ಲಿ ಬೆಂಕಿಕಡ್ಡಿ ಚುಚ್ಚಿ ಗುರುತು ಮಾಡಿ. ಒದ್ದೆ ರಬ್ಬರಿನ ಮೇಲೆ ಸೀಮೆಸುಣ್ಣ ನಿಲ್ಲುವುದಿಲ್ಲ. ಒಣಗಿಸಿ, ಪ್ಯಾಚಿಗಿಂತ ಅರ್ಧ ಇಂಚು ಅಗಲವಾಗಿ ಅರ ಹಾಕಿ ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಮೂರು ನಾಲ್ಕು ನಿಮಿಷ ಕಾಯಿರಿ. ಹಸಿಯಲ್ಲೇ ಪ್ಯಾಚ್ ಒತ್ತುವುದರಿಂದಲೇ ಮುಕ್ಕಾಲುಪಾಲು ಪ್ಯಾಚುಗಳು ಬಿಸಿಲಿಗೆ ಎದ್ದು ಬರುವುದು.

ತೂತು ಎಲ್ಲಿದೆ ಅನ್ನುವುದೇ ಕಾರಣ ಹೇಳುತ್ತದೆ. ಹೊರಮೈಯಲ್ಲಿದ್ದರೆ ಮುಳ್ಳು. ರಿಮ್ಮಿನ ಕಡೆ ಇದ್ದರೆ ಕಡ್ಡಿಯ ತುದಿ ನಿಪ್ಪಲ್ ದಾಟಿ ಬಂದಿದೆ. ಅರದಿಂದ ಸವೆಸಿ, ರಿಮ್ ಟೇಪ್ ಹೋಗಿದ್ದರೆ ಹಳೇ ಟ್ಯೂಬಿನ ಪಟ್ಟಿ ಸುತ್ತಿ. ಪಕ್ಕಪಕ್ಕದಲ್ಲಿ ಎರಡು ಸೀಳಿದ್ದರೆ ಗಾಳಿ ಕಡಿಮೆಯಿದ್ದು ಕಲ್ಲಿಗೆ ಹೊಡೆದಿದೆ. ಟ್ಯೂಬು ಒಳಗೆ ಸೇರಿಸುವ ಮುಂಚೆ ಟೈರಿನ ಒಳಗೆಲ್ಲ ಬೆರಳಾಡಿಸಿ. ಜಾಲಿಮುಳ್ಳಿನ ತುದಿ ಒಳಗೆ ಮುರಿದು ಕೂತಿರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಅದನ್ನು ಇಕ್ಕಳದಿಂದ ಕಿತ್ತು ತೆಗೆಯದಿದ್ದರೆ ಮುಂದಿನ ಊರು ಮುಟ್ಟುವಷ್ಟರಲ್ಲಿ ಮತ್ತೆ ಗಾಳಿ ಇಳಿದಿರುತ್ತದೆ.